ಗ್ರಹಾಂ ಲಿಗಿನ್ಸ್ ಮತ್ತು ದಿನ ತುಂಬದ ಶಿಶುವಿನ ಉಸಿರು: ಒಂದು ಟಿಪ್ಪಣಿ

ನ್ಯೂಜಿಲೆಂಡಿನ ಪ್ರಸೂತಿ ತಜ್ಞ ಗ್ರಹಾಂ ಲಿಗಿನ್ಸ್ (1926–2010) ಅವರ ಹೆಸರು ಬಂದಲ್ಲೆಲ್ಲ ಒಂದು ಕುರಿಮರಿಯ ಪ್ರಸಂಗವೂ ಬರುತ್ತದೆ. ಪ್ರಸಂಗ ನಿಜವಾದದ್ದೇ. ಆದರೂ ಆ ಮರಿ ಕಣ್ಣಿಗೆ ಬಿದ್ದ ಗಳಿಗೆಗಿಂತ, ಆಮೇಲೆ ಅವರು ತಮ್ಮ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದ ರೀತಿ ದೊಡ್ಡದು ಎಂದು ನನಗೆ ತೋರುತ್ತದೆ.

ಲಿಗಿನ್ಸ್ ಕೆಲಸ ಮಾಡಿದ್ದು ಆಕ್ಲೆಂಡಿನ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ. ಗರ್ಭದಲ್ಲಿದ್ದ ಶಿಶುವಿಗೆ ವಿಲಿಯಂ ಲೈಲಿ 1963ರಲ್ಲಿ ರಕ್ತ ಕೊಟ್ಟು ಉಳಿಸಿದ್ದು ಅಲ್ಲಿಯೇ. ಲಿಗಿನ್ಸರನ್ನು ಕಾಡಿದ ಪ್ರಶ್ನೆ ಬೇರೆಯದು: ಹೆರಿಗೆ ಶುರುವಾಗಲು ಸೂಚನೆ ಕೊಡುವವರು ಯಾರು, ತಾಯಿಯೋ ಮಗುವೋ? ಗರ್ಭಸ್ಥ ಕುರಿಮರಿಯ ಪಿಟ್ಯುಟರಿ ಗ್ರಂಥಿಯನ್ನು ನಾಶಪಡಿಸಿದರೆ ದಿನ ತುಂಬಿದರೂ ಹೆರಿಗೆ ಆಗುವುದಿಲ್ಲವೆಂದು ಅವರೂ ಸಹೋದ್ಯೋಗಿಗಳೂ 1967ರಲ್ಲಿ ಪ್ರಕಟಿಸಿದರು. ಮರಿಗೆ ಕಾರ್ಟಿಸಾಲ್ ಎಂಬ ಸ್ಟೀರಾಯ್ಡ್ ಹರಿಸಿದರೆ ಅವಧಿಗೆ ಮೊದಲೇ ಹೆರಿಗೆಯಾಗುತ್ತಿತ್ತು. ಕುರಿಗಳಲ್ಲಿ ಸೂಚನೆ ಮರಿಯಿಂದಲೇ ಹೊರಡುತ್ತಿತ್ತು. ಆದರೆ ಹೆಂಗಸರಲ್ಲಿ ಸ್ಟೀರಾಯ್ಡ್ ಹೀಗೆ ಹೆರಿಗೆಯನ್ನು ಶುರುಮಾಡುವುದಿಲ್ಲ. ಆ ಪ್ರಯೋಗಗಳಿಂದ ಮನುಷ್ಯರಿಗೆ ಒದಗಿದ ಉಪಕಾರ ಯಾರೂ ಹುಡುಕದಿದ್ದ ಕಡೆಯಿಂದ ಬಂತು.

ಕುರಿಯ ಗರ್ಭಾವಧಿ ಐದು ತಿಂಗಳಿಗೆ ಹತ್ತಿರ. ಸ್ಟೀರಾಯ್ಡ್ ಪಡೆದು ಸುಮಾರು 117ನೇ ದಿನಕ್ಕೆ ಹುಟ್ಟಿದ ಒಂದು ಮರಿ ಉಸಿರಾಡುತ್ತಿರುವುದನ್ನು ಲಿಗಿನ್ಸ್ ಕಂಡರು. ಆ ವಯಸ್ಸಿನ ಮರಿ ಬದುಕಿರಬಾರದಿತ್ತು. ಶ್ವಾಸಕೋಶ ಪರೀಕ್ಷಿಸಿದಾಗ ಅದರಲ್ಲಿ ಭಾಗಶಃ ಗಾಳಿ ತುಂಬಿತ್ತು. ಉಸಿರು ಬಿಟ್ಟಾಗ ಶ್ವಾಸಕೋಶದ ಗೂಡುಗಳು ಕುಸಿಯದಂತೆ ತಡೆಯುವ ಸರ್ಫ್ಯಾಕ್ಟಂಟ್ ಎಂಬ ದ್ರವ್ಯ ಸ್ಟೀರಾಯ್ಡಿನ ಪ್ರಭಾವದಿಂದ ಬೇಗನೆ ತಯಾರಾಗಿರಬೇಕೆಂದು ಅವರು ಊಹಿಸಿದರು. ಆ ಕಾಲಕ್ಕೆ ಅದು ಸಣ್ಣ ಊಹೆಯಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಮಗುವೇ ಸರ್ಫ್ಯಾಕ್ಟಂಟ್ ಸಾಲದೆ ಬರುವ ಉಸಿರಾಟದ ತೊಂದರೆಯಿಂದ ಎರಡು ದಿನ ತುಂಬುವ ಮೊದಲೇ ತೀರಿಕೊಂಡಿತ್ತು.

ಇಂಥ ಮದ್ದು ಕೈಗೆ ಸಿಕ್ಕ ವೈದ್ಯ ಅದನ್ನು ಎಲ್ಲ ತಾಯಂದಿರಿಗೂ ಕೊಟ್ಟುಬಿಡುವುದು ಸಹಜ. ಲಿಗಿನ್ಸ್ ಹಾಗೆ ಮಾಡಲಿಲ್ಲ. ಮಕ್ಕಳ ತಜ್ಞ ರಾಸ್ ಹೋವಿ ಅವರೊಂದಿಗೆ 1969ರ ಡಿಸೆಂಬರಿನಲ್ಲಿ ಯಾದೃಚ್ಛಿಕ ಪ್ರಯೋಗ ಆರಂಭಿಸಿದರು. ಒಂದು ಗುಂಪಿನ ತಾಯಂದಿರಿಗೆ ಬೀಟಾಮೆಥಸೋನ್ ಎಂಬ ಸ್ಟೀರಾಯ್ಡ್, ಇನ್ನೊಂದಕ್ಕೆ ನೋಡಲು ಅದರಂತೆಯೇ ಇದ್ದ, ತೀರಾ ದುರ್ಬಲವಾದ ಕಾರ್ಟಿಸೋನ್. 282 ತಾಯಂದಿರ ಫಲಿತಾಂಶ 1972ರಲ್ಲಿ ಪ್ರಕಟವಾಯಿತು. ತಾನಾಗಿಯೇ ಅವಧಿಗೆ ಮೊದಲು ಹೆರಿಗೆ ನೋವು ಬಂದ ತಾಯಂದಿರ ಶಿಶುಗಳಲ್ಲಿ ಉಸಿರಾಟದ ತೊಂದರೆ ಶೇ. 25.8ರಿಂದ 9ಕ್ಕೆ ಇಳಿದಿತ್ತು. ಮೊದಲ ವಾರದ ಸಾವು ಶೇ. 15ರಿಂದ 3.2ಕ್ಕೆ.

ಇಷ್ಟಾದರೂ ಪ್ರಸೂತಿ ಜಗತ್ತು ಹಿಂಜರಿಯಿತು. ತಾಯಿಗೆ ಸೋಂಕು ತಗುಲೀತು, ಮಗುವಿನ ಬೆಳವಣಿಗೆ ಕುಂಠಿತವಾದೀತು ಎಂಬ ಭಯ ಅದಕ್ಕಿತ್ತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಮ್ಮೇಳನ ಈ ಚಿಕಿತ್ಸೆಯನ್ನು ಸ್ಪಷ್ಟವಾಗಿ ಶಿಫಾರಸು ಮಾಡಿದ್ದು 1994ರಲ್ಲಿ. ಅಷ್ಟರೊಳಗೆ ಎಷ್ಟೋ ಶಿಶುಗಳು ಉಳಿಯಬಹುದಿತ್ತು. ಈ ವಿಳಂಬ ನೋವು ತರುವಂಥದು. ಆದರೆ ಲಿಗಿನ್ಸರ ಪ್ರಯೋಗದಲ್ಲಿ ಗುಂಪುಗಳನ್ನು ಸರಿಯಾಗಿ ವಿಂಗಡಿಸಿದ್ದರಿಂದಲೇ ಆ ಮಕ್ಕಳನ್ನು ಮೂವತ್ತರ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿ ಹೋಲಿಸಲು ಸಾಧ್ಯವಾಯಿತು. ರಕ್ತದೊತ್ತಡ, ಕೊಲೆಸ್ಟರಾಲ್‌ಗಳಲ್ಲಿ ವ್ಯತ್ಯಾಸ ಕಾಣಲಿಲ್ಲ; ಬೀಟಾಮೆಥಸೋನ್ ಗುಂಪಿನಲ್ಲಿ ಇನ್ಸುಲಿನ್ ಪ್ರತಿರೋಧ ಮಾತ್ರ ಸ್ವಲ್ಪ ಹೆಚ್ಚಿತ್ತು.

ಈ ಚರಿತ್ರೆ ಕರ್ನಾಟಕಕ್ಕೂ ಬಂದು ಮುಟ್ಟುತ್ತದೆ. ಆರು ದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸಮುದಾಯ ಮಟ್ಟದ ಪ್ರಯೋಗದಲ್ಲಿ ಬೆಳಗಾವಿಯೂ ಒಂದು ಕೇಂದ್ರ. ಗರ್ಭದ ವಾರಗಳ ಖಚಿತ ಲೆಕ್ಕವಾಗಲಿ, ನವಜಾತ ಶಿಶುವಿನ ಆರೈಕೆಯಾಗಲಿ ಸಾಲದ ಕಡೆಗಳಲ್ಲೂ ಇದೇ ಬಗೆಯ ಚುಚ್ಚುಮದ್ದನ್ನು ವ್ಯಾಪಕವಾಗಿ ಕೊಟ್ಟಾಗ ಶಿಶುಮರಣ ತಗ್ಗಲಿಲ್ಲ; ಸಾವಿರಕ್ಕೆ 23.9 ಇದ್ದುದು 27.4 ಆಯಿತು. ತಾಯಂದಿರಲ್ಲಿ ಸೋಂಕಿನ ಶಂಕೆಯೂ ಹೆಚ್ಚಿತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ, 26ರಿಂದ 34 ವಾರದೊಳಗಿನ ಗರ್ಭಿಣಿಯರಿಗೆ ಮಾತ್ರ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಟ್ಟು ನೋಡಿತು. 2020ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ನವಜಾತ ಶಿಶುಗಳ ಸಾವು ಶೇ. 23.5ರಿಂದ 19.6ಕ್ಕೆ ಇಳಿದಿತ್ತು.