ಹವಳಗಳ ಆಹಾರ

ಹವಳಗಳು ನೋಡಲು ಗಿಡದಂತೆ ಅಥವಾ ಕಲ್ಲಿನಂತೆ ಕಂಡರೂ ನಿಡೇರಿಯಾ ವಂಶಕ್ಕೆ ಸೇರಿದ ಪ್ರಾಣಿಗಳು. ಪಾಲಿಪ್ ಎಂಬ ಸಣ್ಣ ಜೀವಿಗಳು ಒಟ್ಟುಗೂಡಿ ಹವಳದ ಸಮೂಹವಾಗುತ್ತದೆ. ಕರ್ನಾಟಕದಲ್ಲಿ ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರಕ್ಕೆ ಸಮೀಪದ ನೇತ್ರಾಣಿ ದ್ವೀಪದ ಸುತ್ತಲಿನ ಕಡಲಿನಲ್ಲಿ ಹವಳಗಳಿವೆ.

ಆಹಾರದ ಮೂಲಗಳು

ದಿಬ್ಬ ಕಟ್ಟುವ ಹವಳಗಳ ಅಂಗಾಂಶದೊಳಗೆ ಜೂಕ್ಸಾಂತೆಲ್ಲೆ ಎಂಬ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಇವು ದ್ಯುತಿಸಂಶ್ಲೇಷಣೆಯಿಂದ ತಯಾರಿಸಿದ ಆಹಾರದ ಹೆಚ್ಚಿನ ಪಾಲು ಹವಳಕ್ಕೆ ಸಲ್ಲುತ್ತದೆ. ಸಾರಜನಕ ಮತ್ತು ರಂಜಕದ ಅಗತ್ಯಕ್ಕಾಗಿ ಹವಳವು ಬೇಟೆಯನ್ನೂ ಅವಲಂಬಿಸಿದೆ. ಅನೇಕ ಪ್ರಭೇದಗಳು ರಾತ್ರಿಯಲ್ಲಿ ಗ್ರಹಣಾಂಗಗಳನ್ನು ಚಾಚಿ, ಕುಟುಕುಕೋಶಗಳ ನೆರವಿನಿಂದ ಪ್ರಾಣಿಪ್ಲವಕಗಳನ್ನು ಹಿಡಿಯುತ್ತವೆ. ನೀರಿನ ಉಷ್ಣತೆ ಹೆಚ್ಚಿದರೆ ಪಾಚಿಗಳು ಹೊರಬಿದ್ದು ಹವಳವು ಬಿಳಿಚಿಕೊಳ್ಳುತ್ತದೆ. ಈ ಸ್ಥಿತಿ ಮುಂದುವರಿದರೆ ಅದು ಆಹಾರವಿಲ್ಲದೆ ಸಾಯುತ್ತದೆ.

ಅಕ್ವೇರಿಯಂನಲ್ಲಿ ಪೋಷಣೆ

ಉಪ್ಪುನೀರಿನ ಅಕ್ವೇರಿಯಂನಲ್ಲಿ ಹೆಚ್ಚಿನ ಹವಳಗಳಿಗೆ ಬೆಳಕೇ ಮುಖ್ಯ ಆಧಾರ. ಟ್ಯೂಬಾಸ್ಟ್ರಿಯಾದಂತಹ ಪಾಚಿರಹಿತ ಹವಳಗಳಿಗೆ ಮಾತ್ರ ಆಹಾರ ನೀಡುವುದು ಅನಿವಾರ್ಯ. ಆರ್ಟೀಮಿಯಾ ಮರಿಗಳು, ರೋಟಿಫರ್‌ಗಳು ರೂಢಿಯಲ್ಲಿರುವ ಆಹಾರಗಳು. ಪಂಪನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಆಹಾರವನ್ನು ಪಿಪೆಟ್ಟಿನಿಂದ ಪಾಲಿಪ್‌ಗಳ ಬಳಿ ಬಿಡಲಾಗುತ್ತದೆ. ಮಿಕ್ಕ ಆಹಾರ ಕೊಳೆತರೆ ನೈಟ್ರೇಟ್, ಫಾಸ್ಫೇಟ್ ಪ್ರಮಾಣ ಏರಿ, ಬೇಡದ ಪಾಚಿ ಬೆಳೆದು ಹವಳವನ್ನು ಮುಚ್ಚುತ್ತದೆ. ಆದುದರಿಂದ ಕಡಿಮೆ ಪ್ರಮಾಣದಲ್ಲಿ ಕೊಡುವುದು ಕ್ಷೇಮಕರ.

ಕಾನೂನು

ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳು 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿ ಸೇರಿವೆ. ಹುಲಿಯೂ ಇದೇ ಅನುಸೂಚಿಯಲ್ಲಿದೆ. ಇಂತಹ ಹವಳಗಳನ್ನು ಕಡಲಿನಿಂದ ಕೀಳುವುದು ಮತ್ತು ಮಾರುವುದು ಶಿಕ್ಷಾರ್ಹ ಅಪರಾಧ. ನೇತ್ರಾಣಿಯ ಹವಳಗಳಿಗೂ ಈ ರಕ್ಷಣೆ ಅನ್ವಯಿಸುತ್ತದೆ.