ಗ್ಲುಟಮಿನ್‌ನಿಂದ ಟೌವರೆಗೆ: ಪುಣೆಯ ಜೀವರಸಾಯನದ ಒಂದು ಎಳೆ

ನರಕೋಶದೊಳಗಿನ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆಯುವ ಕಿಣ್ವಗಳಿಗೆ ಟ್ರಾನ್ಸ್‌ಗ್ಲುಟಮಿನೇಸ್ ಎಂದು ಹೆಸರು. ಒಂದು ಪ್ರೋಟೀನಿನ ಗ್ಲುಟಮಿನ್ನನ್ನು ಅವು ಇನ್ನೊಂದರ ಲೈಸೀನಿಗೆ ಕೂಡಿಸುತ್ತವೆ. ಆಗ ಅಮೋನಿಯ ಹೊರಬೀಳುತ್ತದೆ. ಈ ಕೆಲಸಕ್ಕೆ ಕ್ಯಾಲ್ಸಿಯಂ ಬೇಕೇ ಬೇಕು. ಹೀಗೆ ಬಿದ್ದ ಅಡ್ಡಕೊಂಡಿಯನ್ನು ಪ್ರೋಟೀನನ್ನು ಅರಗಿಸುವ ಸಾಮಾನ್ಯ ಕಿಣ್ವಗಳು ಕತ್ತರಿಸಲಾರವು. ಜೀವಮಾನವಿಡೀ ಬಾಳಬೇಕಾದ ನರಕೋಶಕ್ಕೆ ಇದು ಬಲವೂ ಹೌದು, ಅಪಾಯವೂ ಹೌದು.

ಪ್ರೋಟೀನಿನೊಳಗೆ ಗ್ಲುಟಮಿನ್ ಇದೆಯೆಂಬುದೇ ಬಹುಕಾಲ ಬರಿಯ ಊಹೆಯಾಗಿತ್ತು. ಪ್ರೋಟೀನನ್ನು ಆಮ್ಲದಲ್ಲಿ ಕುದಿಸಿ ಒಡೆದರೆ ಗ್ಲುಟಮಿನ್ ಕೂಡ ಒಡೆದು ಗ್ಲುಟಮಿಕ್ ಆಮ್ಲವಾಗಿಬಿಡುತ್ತಿತ್ತು. 1932ರಲ್ಲಿ ಮನಯತ್ ದಾಮೋದರನ್, ಚಿಬ್ನಾಲ್ ಮತ್ತು ಸಂಗಡಿಗರು ಗೋಧಿಯ ಗ್ಲಯಾಡಿನನ್ನು ಕಿಣ್ವಗಳಿಂದಲೇ ನವಿರಾಗಿ ಬಿಡಿಸಿ, ಗ್ಲುಟಮಿನ್ನನ್ನು ಹಾಳಾಗದಂತೆ ಹೊರತೆಗೆದರು. ತಾಳ್ಮೆಗೂ ಜಾಣ್ಮೆಗೂ ಸಮನಾಗಿ ಸಲ್ಲಬೇಕಾದ ಗೆಲುವು ಅದು.

1950ರ ಜನವರಿ 3ರಂದು ಪುಣೆಯ ಪಾಷಾಣ ರಸ್ತೆಯಲ್ಲಿ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವನ್ನು ನೆಹರೂ ಉದ್ಘಾಟಿಸಿದರು. ದಾಮೋದರನ್ ಅಲ್ಲಿನ ಜೀವರಸಾಯನ ವಿಭಾಗವನ್ನು ಕಟ್ಟಿದವರಲ್ಲಿ ಒಬ್ಬರು. ಆಗಿನ ಗಮನವೆಲ್ಲ ಉದ್ಯಮದ ಕಡೆಗೆ. ಜಗನ್ನಾಥನ್ ಮೊದಲಾದವರೊಡನೆ ಅವರು ಸಿಟ್ರಿಕ್ ಆಮ್ಲ ಕೊಡುವ ಆಸ್ಪರ್ಜಿಲಸ್ ನೈಗರ್ ಬೂಷ್ಟಿನ ಕಿಣ್ವಗಳನ್ನು ಶುದ್ಧೀಕರಿಸಿದರು. ನರಕೋಶದ ಮಾತು ಅಲ್ಲಿ ಇನ್ನೂ ಎದ್ದಿರಲಿಲ್ಲ.

ಅದೇ ದಶಕದಲ್ಲಿ, 1957ರಲ್ಲಿ, ನ್ಯೂಯಾರ್ಕಿನ ನರರಸಾಯನಶಾಸ್ತ್ರಜ್ಞ ಹೈನ್ರಿಕ್ ವೇಲ್ಶ್ ಅವರು ಸರ್ಕಾರ್ ಮತ್ತು ಕ್ಲಾರ್ಕ್ ಜೊತೆ ಪ್ರೋಟೀನಿಗೆ ಅಮೀನುಗಳನ್ನು ಕೂಡಿಸುವ ಕಿಣ್ವವನ್ನು ವರದಿ ಮಾಡಿದರು. ಅದೇ ಟ್ರಾನ್ಸ್‌ಗ್ಲುಟಮಿನೇಸ್. ಮಿದುಳಿನ ಈ ಕಿಣ್ವವು ಮನುಷ್ಯನ ನರತಂತುಗಳ ಪ್ರೋಟೀನನ್ನು ಕರಗದ ಗಂಟಾಗಿ ಬೆಸೆಯಬಲ್ಲದೆಂದು 1982ರಲ್ಲಿ ಸೆಲ್ಕೊ ತಂಡ ಪ್ರಯೋಗನಾಳದಲ್ಲಿ ತೋರಿಸಿದ ಮೇಲೆ, ಅಲ್ಜೈಮರ್ ಕಾಯಿಲೆಯಲ್ಲಿ ಟೌ ಪ್ರೋಟೀನು ಗಂಟುಗಟ್ಟಲು ಇದೇ ಕಾರಣವಿರಬಹುದೇ ಎಂಬ ಶಂಕೆ ಬಲವಾಯಿತು. ಆದರೆ ಈ ಕಿಣ್ವವನ್ನು ಬರಿಯ ಅಪರಾಧಿಯೆಂದು ತೀರ್ಮಾನಿಸುವುದು ಅವಸರ. ಹಂಟಿಂಗ್ಟನ್ ಎಂಬ ನರರೋಗದ ಇಲಿಗಳಲ್ಲಿ ಟ್ರಾನ್ಸ್‌ಗ್ಲುಟಮಿನೇಸ್-2 ಇಲ್ಲದಂತೆ ಮಾಡಿದಾಗ ಅವು ಹೆಚ್ಚು ಕಾಲ ಬದುಕಿದವು, ಪ್ರೋಟೀನಿನ ಗಂಟುಗಳು ಮಾತ್ರ ಕಡಿಮೆಯಾಗದೆ ಹೆಚ್ಚಿದವು. 2002ರ ಈ ಫಲಿತಾಂಶ ಸರಳ ವಿವರಣೆಯನ್ನು ತಲೆಕೆಳಗು ಮಾಡಿತು. 2013ರಲ್ಲಿ ಇನ್ನೊಂದು ಮುಖ ಕಂಡಿತು: ಇದೇ ಕಿಣ್ವ ಟ್ಯುಬುಲಿನ್ ಎಂಬ ಪ್ರೋಟೀನಿಗೆ ಪಾಲಿಅಮೀನುಗಳನ್ನು ಕೂಡಿಸಿ, ನರದ ಉದ್ದ ಎಳೆಯಾದ ಆಕ್ಸಾನಿನೊಳಗಿನ ಸೂಕ್ಷ್ಮನಾಳಗಳನ್ನು ಗಟ್ಟಿಗೊಳಿಸುತ್ತದೆ.

ಟೌ ಅಂಟಿಕೊಳ್ಳುವುದು ಈ ಸೂಕ್ಷ್ಮನಾಳಗಳಿಗೇ. ಪಾಷಾಣ ರಸ್ತೆಯ ಪ್ರಯೋಗಾಲಯ ನರಕೋಶದ ಕಡೆ ತಿರುಗಿದ್ದು ಟೌ ಮೂಲಕ. ಸುಭಾಷ್‌ಚಂದ್ರಬೋಸ್ ಚಿನ್ನತಂಬಿ ಅವರ ನರಜೀವಶಾಸ್ತ್ರ ಗುಂಪು, ಟೌ ಹೇಗೆ ಗುಂಪುಗೂಡುತ್ತದೆ, ಯಾವ ಅಣುಗಳು ಅದನ್ನು ತಡೆಯಬಲ್ಲವು ಎಂದು ಅಲ್ಲಿ ಪರೀಕ್ಷಿಸಿತು. ಬೈಕಲೀನ್ ಎಂಬ ಸಸ್ಯಮೂಲದ ವಸ್ತು ಟೌನ ಎಳೆಗಟ್ಟುವಿಕೆಯನ್ನು ಪ್ರಯೋಗನಾಳದಲ್ಲಿ ತಗ್ಗಿಸುತ್ತದೆಂದು ಅದು 2019ರಲ್ಲಿ ವರದಿ ಮಾಡಿತು. ಮನುಷ್ಯನ ಮಿದುಳಿನಲ್ಲಿ ಟೌ ಗಂಟನ್ನು ಬಿಡಿಸಿ ರೋಗಿಯನ್ನು ಗುಣಪಡಿಸುವ ಔಷಧಿ ಇನ್ನೂ ಬಂದಿಲ್ಲ.