ಉತ್ತೇಜಕ ಮಾದಕಗಳು ಮತ್ತು ಮಂಗಗಳ ವರ್ತನೆ

ಆಂಫೆಟಮಿನ್, ಕೊಕೇನ್ ಮೊದಲಾದ ಉತ್ತೇಜಕಗಳನ್ನು ಪದೇ ಪದೇ ಕೊಟ್ಟಾಗ ಮಂಗಗಳ ನಡವಳಿಕೆಯಲ್ಲಿ ತಲೆದೋರುವ, ಹಲವು ಸಲ ಮಾದಕ ನಿಲ್ಲಿಸಿದ ಮೇಲೂ ಉಳಿಯುವ ಬದಲಾವಣೆಗಳು. ಕೊಕೇನ್ ಮಿದುಳಿನ ಸಂದೇಶವಾಹಕ ರಾಸಾಯನಿಕವಾದ ಡೋಪಮಿನ್‌ನ ಮರುಹೀರಿಕೆಯನ್ನು ತಡೆಯುತ್ತದೆ; ಆಂಫೆಟಮಿನ್ ಅದರ ಬಿಡುಗಡೆಯನ್ನೇ ಹೆಚ್ಚಿಸುತ್ತದೆ. ಇಲಿಗಳಿಗಿಂತ ಮಂಗಗಳ ಹಣೆಭಾಗದ ಮಿದುಳು ಹೆಚ್ಚು ಬೆಳೆದಿರುವುದರಿಂದ, ನೆನಪು ಮತ್ತು ಸಂಯಮಕ್ಕೆ ಬೀಳುವ ಪೆಟ್ಟನ್ನು ಅವುಗಳಲ್ಲಿ ಸ್ಪಷ್ಟವಾಗಿ ಅಳೆಯಬಹುದು.

ಮೊದಲ ಪ್ರಯೋಗಗಳು ಕ್ರೂರವಾಗಿದ್ದವು. ಡೆನೋ, ಯಾನಗಿಟ, ಸೀವರ್ಸ್ ಅವರು 1969ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸನ್ನೆ ಒತ್ತಿ ಕೊಕೇನ್ ಪಡೆಯಲು ಮಿತಿಯಿಲ್ಲದ ಅವಕಾಶವಿದ್ದ ಮಂಗಗಳು ಸೆಳವು ಬಂದು ಸಾಯುವವರೆಗೂ ಅದನ್ನು ತೆಗೆದುಕೊಂಡವು. 1978ರಲ್ಲಿ ಐಗ್ನರ್ ಮತ್ತು ಬಾಲ್‌ಸ್ಟರ್ ಆಹಾರ ಅಥವಾ ಕೊಕೇನ್ ಎಂಬ ಆಯ್ಕೆಯನ್ನು ರೀಸಸ್ ಮಂಗಗಳ ಮುಂದಿಟ್ಟರು. ಎಂಟು ದಿನ ಅವು ಹೆಚ್ಚುಕಡಿಮೆ ಕೊಕೇನನ್ನೇ ಆರಿಸಿಕೊಂಡವು.

ವರ್ತನೆ ಕೆಡಲು ಅಂಥ ಭಾರಿ ಪ್ರಮಾಣವೇ ಬೇಕೆಂದಿಲ್ಲ. ಯೇಲ್ ವಿಶ್ವವಿದ್ಯಾಲಯದ ಸ್ಟೇಸಿ ಕಾಸ್ಟ್ನರ್ ಮತ್ತು ಪೆಟ್ರೀಶಿಯಾ ಗೋಲ್ಡ್‌ಮನ್-ರಾಕಿಕ್ ರೀಸಸ್ ಮಂಗಗಳಿಗೆ 12 ವಾರ, ಬಿಡುವು ಕೊಡುತ್ತ, ಆಂಫೆಟಮಿನ್ ಕೊಟ್ಟರು; ಪ್ರಮಾಣ ಸಣ್ಣದು, ನಿಧಾನವಾಗಿ ಏರುವಂಥದು. ಆಮೇಲೆ ನಿಲ್ಲಿಸಿ, ಕಾಲ ಬಿಟ್ಟು ಒಂದೇ ಒಂದು ಸಣ್ಣ ಡೋಸ್ ಕೊಟ್ಟು ನೋಡಿದರು. ಮಂಗಗಳು ಏನೂ ಇಲ್ಲದ ಕಡೆ ಕಣ್ಣು ನೆಟ್ಟು ಯಾವುದನ್ನೋ ಹಿಂಬಾಲಿಸಿದವು, ಬರಿಗಾಳಿಗೆ ಕೈಚಾಚಿ ಹಿಡಿದವು, ಹಿಡಿದದ್ದು ಕೈಯಲ್ಲಿದೆ ಎಂಬಂತೆ ಬೆರಳಾಡಿಸಿದವು. ಮನುಷ್ಯರ ಆಂಫೆಟಮಿನ್ ಉನ್ಮಾದವನ್ನು ಬಲ್ಲ ವೈದ್ಯರಿಗೆ ಈ ದೃಶ್ಯ ಅಪರಿಚಿತವಲ್ಲ. ಸಣ್ಣ ಡೋಸಿಗೂ ಹೀಗೆ ಪ್ರತಿಕ್ರಿಯಿಸುವ ಅತಿಸಂವೇದನೆ ಎರಡು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ಇದೇ ಗುಂಪಿನ ಮುಂದಿನ ಕೆಲಸ, ತುಸು ಹೊತ್ತಿನ ಹಿಂದೆ ಕಂಡ ಜಾಗವನ್ನು ನೆನಪಿಡುವ ಶಕ್ತಿಯೂ ಕುಗ್ಗುತ್ತದೆಂದು ತೋರಿಸಿತು. ಈ ಕ್ಷೇತ್ರದ ಅತ್ಯಂತ ಮಹತ್ವದ ಫಲಿತಾಂಶ ಇದೇ ಎನ್ನಬೇಕು: ಮೇಲ್ನೋಟಕ್ಕೆ ಸರಿಹೋದ ಪ್ರಾಣಿಯ ಮಿದುಳು ಒಳಗೆ ಸರಿಹೋಗಿರದೆ ಇರಬಹುದು.

ಹಳೆಯ ರೂಢಿಯನ್ನು ಬಿಡಲಾಗದಿರುವುದು ಇನ್ನೊಂದು ಪರಿಣಾಮ. ಜೆಂಟ್ಷ್, ಟೇಲರ್ ಮತ್ತು ಸಹೋದ್ಯೋಗಿಗಳು 2002ರಲ್ಲಿ ವರ್ವೆಟ್ ಮಂಗಗಳಿಗೆ 14 ದಿನ ಕೊಕೇನ್ ಕೊಟ್ಟು, ನಿಲ್ಲಿಸಿದ ನಂತರ ಪರೀಕ್ಷಿಸಿದರು. ಯಾವ ವಸ್ತುವನ್ನು ಆರಿಸಿದರೆ ತಿಂಡಿ ಸಿಗುತ್ತದೆಂದು ಅವು ಕಲಿಯುತ್ತಿದ್ದವು. ನಿಯಮ ತಿರುವುಮುರುವಾದಾಗ ಮಾತ್ರ, ಈಗ ಏನೂ ಸಿಗದ ಹಳೆಯ ವಸ್ತುವಿಗೇ ಮತ್ತೆ ಮತ್ತೆ ಕೈಹಾಕಿದವು. ಕಲಿಯುವ ಶಕ್ತಿಗಿಂತ ಕಲಿತದ್ದನ್ನು ಬಿಡುವ ಶಕ್ತಿ ಕೆಟ್ಟಿತ್ತು.

ಗುಂಪಿನಲ್ಲಿ ಪ್ರಾಣಿಯ ಸ್ಥಾನವೂ ಲೆಕ್ಕಕ್ಕೆ ಬರುತ್ತದೆ. ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ನೇಡರ್ ತಂಡ 20 ಗಂಡು ಮಕಾಕ್ ಮಂಗಗಳನ್ನು ಒಂಟಿಯಾಗಿಟ್ಟು, ಬಳಿಕ ನಾಲ್ಕು ನಾಲ್ಕರ ಗುಂಪು ಮಾಡಿತು. ಯಜಮಾನ ಮಂಗಗಳ ಮಿದುಳಿನಲ್ಲಿ ಡೋಪಮಿನ್ ಡಿ2 ಗ್ರಾಹಕಗಳ ಲಭ್ಯತೆ ಏರಿತು. ಕೊಕೇನ್ ಅವನ್ನು ಅಷ್ಟಾಗಿ ಸೆಳೆಯಲಿಲ್ಲ. ಕೆಳಸ್ಥಾನದವು ಸುಲಭವಾಗಿ ಬಲಿಬಿದ್ದವು. ಆದರೆ ಸೇವನೆ ಬಹುಕಾಲ ಮುಂದುವರಿದಾಗ ಯಜಮಾನರಿಗಿದ್ದ ಈ ರಕ್ಷಣೆಯೂ ಕರಗಿತು.

ಚೇತರಿಕೆ ಎಲ್ಲ ಪ್ರಾಣಿಗಳಲ್ಲೂ ಒಂದೇ ತೆರನಲ್ಲ. ನೇಡರ್ ತಂಡದ 2006ರ ವರದಿಯಂತೆ, ಒಂದು ವರ್ಷ ಕೊಕೇನ್ ಸೇವಿಸಿದ ಐದು ಮಂಗಗಳಲ್ಲಿ ಮೂರರ ಕುಗ್ಗಿದ್ದ ಡಿ2 ಗ್ರಾಹಕಗಳು ಮಾದಕ ನಿಂತ ಮೂರು ತಿಂಗಳೊಳಗೆ ಮೊದಲಿನ ಮಟ್ಟಕ್ಕೆ ಬಂದವು. ಉಳಿದ ಎರಡರಲ್ಲಿ ಒಂದು ವರ್ಷ ಕಳೆದರೂ ಬರಲಿಲ್ಲ.